ಬಾಡಿಗೆ ಮನೆ ಹುಡುಕುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಗುಂಪಿನ ಕೆಲವರ ಅಪಾರ್ಟ್‌ಮೆಂಟ್‌ಗಳು ಕಾಂಡೋ (ಒಂದೊಂದಾಗಿ ಬೇರೆಬೇರೆಯವರಿಗೆ ಮಾರುವ ಮನೆ) ಆಗುತ್ತಿವೆ. ನಮ್ಮ ಕಟ್ಟಡದಲ್ಲೂ ಹೋದ ವಾರ ಲಾಂಡ್ರಿ ರೂಮಿನ ಬಾಗಿಲಿಗೆ ಇದರ ಬಗ್ಗೆ ಒಂದು ಹಾಳೆ ಅಂಟಿಸಿದ್ದರು. ಟೇಪ್ ಅರ್ಧ ಕಿತ್ತು ಹೋಗಿತ್ತು, ಬಟ್ಟೆ ತರಲು ಹೋದಾಗ ಕಣ್ಣಿಗೆ ಬಿತ್ತು. ಅದನ್ನು ನೋಡಿ ಗಾಬರಿಯಿಂದ ಮನೆ ಖಾಲಿ ಮಾಡಬೇಡಿ.

ಇಲ್ಲಿನ ಕಾನೂನಿನ ಪ್ರಕಾರ, ಐದು ಅಥವಾ ಜಾಸ್ತಿ ಮನೆಗಳ ಕಟ್ಟಡವನ್ನು ಕಾಂಡೋ ಮಾಡುವ ಕಾರಣಕ್ಕೆ ಬಾಡಿಗೆದಾರರನ್ನು ಬಿಡಿಸಬೇಕಾದರೆ 180 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ನಿಮ್ಮ ಮನೆಯನ್ನು ಮೊದಲು ನೀವೇ ಕೊಳ್ಳಲು 90 ದಿನ ಅವಕಾಶವೂ ಇದೆ. ಕೊಳ್ಳುವ ದುಡ್ಡು ಎಲ್ಲಿದೆ ಅಂತೀರಾ? ನನಗೂ ಇಲ್ಲ. ಆದರೆ 180 ದಿನ ಸಣ್ಣ ಸಮಯವೇನಲ್ಲ. ನೋಟಿಸಿನ ಫೋಟೊ ತೆಗೆದು, ದಿನಾಂಕ ಬರೆದಿಟ್ಟುಕೊಳ್ಳಿ.

ಹೊಸ ಮನೆ ನೋಡುವಾಗ ಕಟ್ಟಡ ಎಷ್ಟು ಹಳೆಯದು ಅಂತ ತಪ್ಪದೇ ಕೇಳಿ. 15 ವರ್ಷ ದಾಟಿದ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳಲ್ಲಿ ವರ್ಷಕ್ಕೆ ಶೇ. 5ರ ಜೊತೆ ಬೆಲೆಯೇರಿಕೆ ದರ ಸೇರಿಸಿ, ಒಟ್ಟು ಶೇ. 10 ಮೀರದಂತೆ ಮಾತ್ರ ಬಾಡಿಗೆ ಏರಿಸಬಹುದು. ಒಬ್ಬ ವ್ಯಕ್ತಿಯ ಹೆಸರಲ್ಲಿರುವ ಕಾಂಡೋಗೆ ಸಾಮಾನ್ಯವಾಗಿ ಈ ಮಿತಿ ಇಲ್ಲ. ಮೊದಲ ವರ್ಷದ ಬಾಡಿಗೆ ಕಡಿಮೆ ಇದೆ ಅಂತ ಸುಮ್ನೆ ಸಹಿ ಹಾಕಬೇಡಿ.

211 ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕೌಂಟಿಯ ಕಡಿಮೆ ಬಾಡಿಗೆ ಮನೆಗಳ ಮಾಹಿತಿ ಕೇಳಬಹುದು. ಕಾಯುವ ಪಟ್ಟಿ ಉದ್ದ ಇರುತ್ತದೆ, ಆದರೂ ಇವತ್ತೇ ಹೆಸರು ಸೇರಿಸಿ. ಖಾಲಿ ಮನೆ ಗೊತ್ತಿದ್ದವರು ಬಾಡಿಗೆ, ಡೆಪಾಸಿಟ್ ಎರಡನ್ನೂ ಬರೆದು ಇಲ್ಲೇ ಹಾಕಿ. ಶುಭೋದಯದ ಹೂವಿನ ಚಿತ್ರ ಒಂದು ವಾರ ಬೇಡ ಪ್ಲೀಸ್!