ಶೇ 60 ಕನ್ನಡ ಸರಿ, ಅದರ ಬಣ್ಣ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಣ್ಣಗಳ ಹೊಂದಾಣಿಕೆ ಕುರಿತ ಲೇಖನ ಓದಿದೆ. ಬಣ್ಣಗಳನ್ನು ವೃತ್ತಾಕಾರವಾಗಿ ಜೋಡಿಸಿದ ಬಣ್ಣದ ಚಕ್ರ ಮುಂದಿಟ್ಟುಕೊಂಡು ಎದುರುಬದುರಾಗಿರುವ ಎರಡನ್ನು ಆರಿಸಿದರೆ ವಿನ್ಯಾಸ ತಾನಾಗಿಯೇ ಚೆಂದವಾಗುತ್ತದೆ ಎಂದು ಲೇಖಕರು ಬರೆದಿದ್ದಾರೆ. ಹುಬ್ಬಳ್ಳಿಯಲ್ಲಿ ಮೊದಲು ಬ್ರಶ್ಶು, ಎನಾಮೆಲ್ ಹಿಡಿದು, ಈಗ ಕಂಪ್ಯೂಟರಿನಲ್ಲಿ ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶದ ಮುಂದೆ ಕುಳಿತು ಬೋರ್ಡು ಬರೆದೇ ಸಂಸಾರ ನಡೆಸುತ್ತಿರುವ ನನಗೆ ಇದು ಒಪ್ಪಿಗೆಯಾಗಲಿಲ್ಲ. ಚಕ್ರವನ್ನು ನಂಬಿ ಹಸಿರು ಹಲಗೆಯ ಮೇಲೆ ಕೆಂಪು ಅಕ್ಷರ ಬರೆದು ನೋಡಲಿ. ಅಂಚುಗಳು ನಡುಗಿದಂತೆ ಕಾಣುತ್ತವೆ, ರಸ್ತೆಯ ಆಚೆ ಬದಿಗೆ ಹೋದರೆ ಏನು ಬರೆದಿದೆಯೋ ತಿಳಿಯುವುದಿಲ್ಲ. ಕೆಂಪು, ಹಸಿರಿನ ವ್ಯತ್ಯಾಸ ಕಾಣದ ದೃಷ್ಟಿದೋಷ ಗಂಡಸರಲ್ಲೇ ಹೆಚ್ಚು. ಅಂಥವರಿಗೆ ಅದು ಬರೀ ಖಾಲಿ ಹಲಗೆಯಾದೀತು.

ಯಾವ ಬಣ್ಣಕ್ಕೆ ಯಾವುದು ಎದುರು ಎಂಬುದನ್ನಷ್ಟೇ ಚಕ್ರ ಹೇಳುತ್ತದೆ. ಎಷ್ಟು ತಿಳಿ, ಎಷ್ಟು ಗಾಢ, ಯಾವುದಕ್ಕೆ ಎಷ್ಟು ಜಾಗ ಎಂಬುದು ಅದರಲ್ಲಿ ಇಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಇರುವುದೇ ಅಲ್ಲಿ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಕಡುಹಸಿರು ಒಡಲಿಗೆ ಕೆಂಪು ದಡಿ. ಚಕ್ರದಲ್ಲಿ ಇವೆರಡೂ ಎದುರುಬದುರೇ. ಆದರೂ ಕಣ್ಣಿಗೆ ಹೊಡೆಯುವುದಿಲ್ಲ, ಏಕೆಂದರೆ ಹಸಿರು ಸೀರೆ ತುಂಬ ಹರಡಿಕೊಂಡಿದೆ, ಕೆಂಪು ಅಂಚಿನಲ್ಲಿ ನಿಂತಿದೆ. ಅದೇ ಸೀರೆಯ ಟೋಪ ತೆನಿ ಸೆರಗು ನೋಡಿ: ಕೆಂಪು ರೇಷ್ಮೆಯ ಮೇಲೆ ಬಿಳಿ ತೆನೆಗಳು. ಚಿತ್ತಾರ ಎದ್ದು ಕಾಣಬೇಕಾದ ಜಾಗದಲ್ಲಿ ನೇಕಾರರು ಹಸಿರನ್ನು ತರಲಿಲ್ಲ, ಬಿಳಿಯನ್ನು ತಂದರು. ಹಸಿರು ಹಲಗೆಯ ಮೇಲೆ ಕೆಂಪು ಅಕ್ಷರವೇ ಬೇಕೆಂದು ಗಿರಾಕಿ ಹಟ ಹಿಡಿದರೆ ನಾವು ಪೇಂಟರುಗಳು ಸುತ್ತ ದಪ್ಪನೆಯ ಬಿಳಿ ಔಟ್‌ಲೈನ್ ಹಾಕುವುದೂ ಇದೇ ಕಾರಣಕ್ಕೆ.

ಚಿತ್ರಕಲೆ ಓದುವಾಗ ಮಾಸ್ತರು ಶೆವ್ರೊಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿಯ ಕಥೆ ಹೇಳುತ್ತಿದ್ದರು. 1824ರಲ್ಲಿ ಆತ ಪ್ಯಾರಿಸ್ಸಿನ ಹೆಸರಾಂತ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಕಪ್ಪು ನೂಲಿಗೆ ಕಸುವಿಲ್ಲ, ಮಂಕಾಗಿ ಕಾಣುತ್ತದೆ ಎಂದು ದೂರು ಬಂತು. ಪರೀಕ್ಷಿಸಿ ನೋಡಿದರೆ ಬಣ್ಣ ಹಾಕಿದ್ದರಲ್ಲಿ ದೋಷವಿಲ್ಲ. ಕಪ್ಪಿನ ಪಕ್ಕಕ್ಕೆ ನೇಯ್ದಿದ್ದ ನೀಲಿ, ನೇರಳೆ ಎಳೆಗಳೇ ಅದನ್ನು ಹಾಗೆ ಕಾಣಿಸುತ್ತಿದ್ದವು. ಆತ 1839ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ತಂದ. ಅಂಗಡಿಯಲ್ಲಿ ಶೇಡ್ ಕಾರ್ಡ್ ನೋಡಿ ಮೆಚ್ಚಿಕೊಂಡ ಬಣ್ಣ ಮನೆಯ ಗೋಡೆಗೆ ಬಂದಾಗ ಬೇರೆಯಾಗಿ ಕಾಣುವುದು ಎಷ್ಟೋ ಸಲ ಹೀಗೆ ಅಕ್ಕಪಕ್ಕದ ಬಣ್ಣಗಳಿಂದಲೇ. ಪಾಪ, ಬೈಸಿಕೊಳ್ಳುವವನು ಮಾತ್ರ ಪೇಂಟರು.

ಈಗ ನಾನು ಹೇಳಲೇಬೇಕೆಂದು ಹೊರಟ ವಿಷಯ. ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ನಂತರ ಅಂಗಡಿ ಮಳಿಗೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕಾಗಿದೆ. ಒಳ್ಳೆಯದು, ನನ್ನಂಥವರಿಗೆ ನಾಲ್ಕು ಕಾಸಿನ ಕೆಲಸವೂ ಸಿಕ್ಕಿತು. ಆದರೆ ಹೊಸ ಬೋರ್ಡುಗಳನ್ನು ಕತ್ತೆತ್ತಿ ನೋಡಿ. ಕಪ್ಪು ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟು, ಕೆಳಗೆ ಇಂಗ್ಲಿಷ್ ಹೆಸರು ಹೊಳೆಯುವ ಬಿಳಿಯಲ್ಲಿ, ಮೇಲೆ ಕನ್ನಡ ಕಾಫಿಪುಡಿ ಬಣ್ಣದಲ್ಲಿ. ಟೇಪು ಹಿಡಿದು ಅಳೆದರೆ ಅರವತ್ತು ಇದೆ, ಕಣ್ಣಿಗೆ ಸೊನ್ನೆ. ‘ಕನ್ನಡ ಇದ್ರ ಸಾಕ್ರೀ, ಭಾಳ ಎದ್ದು ಕಾಣೂದ ಬ್ಯಾಡ, ಲೋಗೊ ಕೆಡತೈತಿ’ ಅಂತ ಒಬ್ಬ ಗಿರಾಕಿ ನನ್ನೆದುರಿಗೇ ಹೇಳಿದರು.

ಕನ್ನಡ ಅಕ್ಷರಕ್ಕೆ ಬಣ್ಣದ ಅಂತರ ಇಂಗ್ಲಿಷಿಗಿಂತ ಹೆಚ್ಚೇ ಬೇಕು. ‘ದ’ ಮತ್ತು ‘ಧ’ ನಡುವೆ ಇರುವುದು ಕೆಳಗಿನ ಒಂದು ಸೀಳು. ‘ಪ’ ‘ಷ’ ಆಗುವುದು ಒಳಗಿನ ಒಂದು ಗೆರೆಯಿಂದ. ‘ವಸ್ತ್ರ’ ಎಂದು ಬರೆದರೆ ಎರಡು ಒತ್ತುಗಳು ಪುಟ್ಟದಾಗಿ ಕೆಳಗಿಳಿಯುತ್ತವೆ. ಹಿನ್ನೆಲೆಯ ಬಣ್ಣ ಮತ್ತು ಅಕ್ಷರದ ಬಣ್ಣ ಒಂದೇ ಗಾಢತೆಯವಾದರೆ ಮೊದಲು ಕಾಣೆಯಾಗುವುದು ಇವೇ.

ಹಾಗಂತ ಎಲ್ಲವನ್ನೂ ಕಪ್ಪು ಬಿಳುಪು ಮಾಡಿ ಎನ್ನುತ್ತಿಲ್ಲ. ನವೆಂಬರ್ ಬಂದರೆ ಎಲ್ಲರಿಗೂ ಹಳದಿ, ಕೆಂಪೇ ಬೇಕು. ಬಾವುಟದಲ್ಲಿ ಅವೆರಡು ಒಂದರ ಕೆಳಗೊಂದು ಪಟ್ಟಿಯಾಗಿ ನಿಂತಿವೆ, ಅಲ್ಲಿ ಏನನ್ನೂ ಓದಬೇಕಾಗಿಲ್ಲ. ಬ್ಯಾನರಿನಲ್ಲಿ ಒಂದರ ಮೇಲೆ ಇನ್ನೊಂದನ್ನು ಅಕ್ಷರವಾಗಿ ಕೂರಿಸುವಾಗ ಲೆಕ್ಕ ಬದಲಾಗುತ್ತದೆ. ವೆಬ್‌ಸೈಟುಗಳಿಗಾಗಿ ಮಾಡಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ (ಇದು ಹೆಚ್ಚಿದಷ್ಟೂ ಅಕ್ಷರ ಎದ್ದು ಕಾಣುತ್ತದೆ) ಕನಿಷ್ಠ 4.5ಕ್ಕೆ 1 ಇರಬೇಕು. ಕಂಪ್ಯೂಟರಿನ ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಇಟ್ಟರೆ ಅದು 3.7 ಚಿಲ್ಲರೆ. ಕೆಂಪನ್ನು ಗಾಢ ಕುಂಕುಮದ ಕಡೆಗೆ ಇಳಿಸಿದರೆ 9 ದಾಟುತ್ತದೆ. ಬಣ್ಣ ಅವೇ, ನಾಡಿನ ಗುರುತೂ ಹಾಗೇ ಉಳಿಯಿತು. ಇನ್ನು ನೀಲಿಯ ಮೇಲೆ ಕೆಂಪು ಬರೆಸುವವರಿದ್ದಾರೆ. ಅಪ್ಪಟ ಬಣ್ಣಗಳಾದರೆ ಅನುಪಾತ 2ರ ಆಸುಪಾಸು. ಅವರಿಗೆ ನಾನು ಕೈಮುಗಿಯುತ್ತೇನೆ.

ಚಕ್ರ, ಅನುಪಾತ ಯಾವುದೂ ತಿಳಿಯದವರಿಗೂ ಒಂದು ಉಪಾಯ ಉಂಟು. ಬೋರ್ಡಿನ ನಮೂನೆ ಕೈಗೆ ಬಂದಾಗ ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಅಕ್ಷರ ಬೂದಿಯಲ್ಲಿ ಬೂದಿಯಾಗಿ ಬೆರೆತರೆ ಒಪ್ಪಿಗೆ ಕೊಡಬೇಡಿ. ರೈಲು ನಿಲ್ದಾಣದ ಹಳದಿ ಹಲಗೆಯ ಕಪ್ಪು ಅಕ್ಷರ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಪರದೆಯ ಮೇಲೆ ನೋಡಿಯೇ ಪೂರ್ತಿ ಒಪ್ಪಬೇಡಿ, ಸಣ್ಣದೊಂದು ತುಂಡು ಪ್ರಿಂಟ್ ಕೇಳಿ. ಪರದೆಯಲ್ಲಿ ಮಿಂಚುವ ಗಿಳಿಹಸಿರು ನಾಲ್ಕು ಶಾಯಿಯ ಮುದ್ರಣದಲ್ಲಿ ಬರುವುದೇ ಇಲ್ಲ. ಕಡುನೀಲಿ ಸ್ವಲ್ಪ ತಪ್ಪಿದರೂ ನೇರಳೆಗೆ ತಿರುಗುತ್ತದೆ.

ಪಾಲಿಕೆಯವರು ಫಲಕ ಪರಿಶೀಲಿಸಲು ಬರುವಾಗ ಟೇಪಿನ ಜೊತೆ ಈ ಫೋಟೊ ಪರೀಕ್ಷೆಯನ್ನೂ ಮಾಡಲಿ, ಖರ್ಚೇನೂ ಇಲ್ಲ. ಮತ್ತೆ, ತಪ್ಪು ತಿಳಿಯಬೇಡಿ, ಆ ಭಾನುವಾರದ ಲೇಖನದ ಉಪಶೀರ್ಷಿಕೆಗಳನ್ನು ನೀವು ನಸುಹಳದಿಯಲ್ಲಿ ಅಚ್ಚು ಹಾಕಿದ್ದಿರಿ. ಪತ್ರಿಕೆಯ ಕಾಗದವೇ ಮೊದಲು ಮಾಸಲು. ನಮ್ಮ ಮನೆಯಲ್ಲಿ ಅದನ್ನು ಓದಲು ಬಾಗಿಲ ಹತ್ತಿರ ಬೆಳಕಿಗೆ ಹೋಗಬೇಕಾಯಿತು. ಮುಂದಿನ ವಾರ ಅದನ್ನಾದರೂ ಕಪ್ಪಿಗೆ ತನ್ನಿ.

ಇಂತಿ ನಿಮ್ಮ ಓದುಗ,
ಬೋರ್ಡ್ ಪೇಂಟರ್, ಹಳೇ ಹುಬ್ಬಳ್ಳಿ