ಚೀಸಿನ ಕಾಗದ ಬರೆಯುವ ಕಡೆಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅರ್ಧಕ್ಕರ್ಧ ಮಿಕ್ಸಿ ಸದ್ದು, ಆದರೂ ವಿಷಯ ತಿಳಿಯಿತು. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಬ್ರಿಟನ್ನಿಗೆ ಕೆಲಸಕ್ಕೆ ಬರಬಹುದಾ ಅಂತ ನೀನು ಕೇಳಿದ್ದನ್ನೇ ಊರಿನಿಂದ ಇನ್ನೂ ತುಂಬ ಜನ ಕೇಳುತ್ತಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ ಮಾರಾಯ. ಜೋಗದ ಬಸ್ಸಿನ ವಿಷಯ ಇಲ್ಲಿ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನಲ್ಲ.

ಮೊದಲು ನಿನ್ನ ತಮ್ಮನ ವಿಷಯ. ಏಜೆಂಟ್ ಹೇಳುತ್ತಿರುವ ಕೇರ್ ಹೋಮ್ ವೀಸಾ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದ ವೀಸಾ, ಈಗ ಇಲ್ಲ. ಹೊರದೇಶದಿಂದ ಹೊಸಬರನ್ನು ಆ ಕೆಲಸಕ್ಕೆ ಕರೆಸಿಕೊಳ್ಳುವುದನ್ನು 2025ರ ಜುಲೈ 22ಕ್ಕೆ ನಿಲ್ಲಿಸಿಬಿಟ್ಟರು. ಒಂದು ರೂಪಾಯಿಯನ್ನೂ ಕೊಡಬೇಡಿ. ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸ್ ಕೇಳಿ. 'ಯೂರೋಪಿನವರು ಬರುವುದು ನಿಂತಿದೆ, ಅಲ್ಲಿ ಜಾಗ ಖಾಲಿ ಇದೆ' ಅಂತ ಅವನು ಹೇಳುವುದು 2022ರಲ್ಲಿ ನಿಜವಾಗಿತ್ತು. ಆಗ ವಯಸ್ಸಾದವರನ್ನು ನೋಡಿಕೊಳ್ಳುವುದಕ್ಕೆ ಜನ ಸಿಗದೆ ಬಾಗಿಲು ತೆರೆದರು. ನಮ್ಮವರು, ನೈಜೀರಿಯಾದವರು, ಜಿಂಬಾಬ್ವೆಯವರು ಸಾಲ ಮಾಡಿ ಬಂದರು. ಲಕ್ಷಗಟ್ಟಲೆ ಸುರಿದು ಬಂದಮೇಲೆ ಇಲ್ಲಿ ಕೆಲಸವೇ ಇಲ್ಲ ಅಂತ ಗೊತ್ತಾದವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ, ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ ಅಂದರು. ಆಮೇಲೆ ಬಾಗಿಲನ್ನೇ ಹಾಕಿದರು. ತಮ್ಮನಿಗೆ ಇದನ್ನು ನಿಧಾನವಾಗಿ ಹೇಳು. ಅವನು ಆಸೆ ಇಟ್ಟುಕೊಂಡಿದ್ದಾನೆ, ನನಗೆ ಗೊತ್ತು.

ಇನ್ನೊಂದು ಮಾತು ಕೇಳಿದೆಯಲ್ಲ, 'ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟರೆ ನಿನಗೇನಾಗಬೇಕು' ಅಂತ. ನನಗೆ ಕೆಲಸ ಸಿಕ್ಕಿದ್ದೇ ಅದರಿಂದ ಕಣೋ.

ನನ್ನ ಕೆಲಸ ಏನು ಅಂತ ನಿನಗೆ ಸರಿಯಾಗಿ ಯಾವತ್ತೂ ಹೇಳಿಲ್ಲ. ಡೋವರ್ ಬಂದರಿನ ಮೂಲಕ ಫ್ರಾನ್ಸಿಗೆ ಹೋಗುವ, ಬರುವ ಲಾರಿಗಳ ಕಾಗದಪತ್ರ ತಯಾರು ಮಾಡುವುದು. 2020ರ ಡಿಸೆಂಬರ್ 31ರವರೆಗೆ ಈ ಕಾಗದ ಇರಲೇ ಇಲ್ಲ. ಇಲ್ಲಿಂದ ಒಂದು ಲಾರಿ ಚೀಸ್ ಪ್ಯಾರಿಸ್ಸಿಗೆ ಹೋಗಬೇಕಾದರೆ ಡ್ರೈವರ್ ಹಡಗು ಹತ್ತಿ ಆ ಕಡೆ ಇಳಿದು ಹೋಗುತ್ತಿದ್ದ, ಅಷ್ಟೇ. ಈಗ ಚೆಡ್ಡಾರ್ ಚೀಸ್ ಅಂದರೆ ನನ್ನ ಬೆರಳಿಗೆ 04069021 ಅಂತ ತಾನಾಗಿ ಬರುತ್ತದೆ. ಅದು ಅದರ ಕಸ್ಟಮ್ಸ್ ಕೋಡು. ತೂಕ, ಬೆಲೆ, ಎಲ್ಲಿ ತಯಾರಾಯಿತು, ಯಾರ ಹಾಲು, ಎಲ್ಲ ಬರೆಯಬೇಕು. 2020ರ ಕ್ರಿಸ್‌ಮಸ್ ಹಿಂದಿನ ದಿನ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ ಸುಂಕ ಇಲ್ಲ. ಆದರೆ ಸುಂಕ ಕಟ್ಟಬೇಕಾಗಿಲ್ಲ ಅಂತ ತೋರಿಸುವುದಕ್ಕೇ ಕಾಗದ ಬೇಕು. ಅದರ ಮೇಲೆ ಪಶುವೈದ್ಯರ ಸರ್ಟಿಫಿಕೇಟ್. ಡಾಕ್ಟರ ಸಹಿ ಮತ್ತು ಸೀಲು ಮುದ್ರಣದ ಬಣ್ಣದಲ್ಲಿ ಇರಬಾರದು. ಕಪ್ಪು ಅಕ್ಷರದ ಹಾಳೆಗೆ ಕಪ್ಪು ಪೆನ್ನಿನಲ್ಲಿ ಸಹಿ ಹಾಕಿದರೆ ಲಾರಿ ನಿಲ್ಲುತ್ತದೆ.

ಒಂದು ಸಲ ಹಾಗೇ ಆಯಿತು. ಡ್ರೈವರ್ ಪೋಲೆಂಡಿನವನು, ನಮ್ಮ ವಯಸ್ಸೇ ಇರಬೇಕು. ಆ ಲಾರಿಯಲ್ಲಿ ಏಳೆಂಟು ಸಣ್ಣ ಕಂಪನಿಗಳ ಮಾಲು ಒಟ್ಟಿಗೆ ಇತ್ತು. ಒಬ್ಬರ ಹಾಳೆ ತಪ್ಪಿದರೆ ಎಲ್ಲರದೂ ನಿಲ್ಲಬೇಕು. ಕಿಟಕಿಯ ಹತ್ತಿರ ಬಂದು ಫೈಲ್ ಇಟ್ಟ. ಬೈಯಲಿಲ್ಲ. ಹಿಂದಿನ ರಾತ್ರಿಯೂ ಲಾರಿಯಲ್ಲೇ ಮಲಗಿದ್ದನಂತೆ. ಮಗಳಿಗೆ ಸ್ಕೂಲಿನಲ್ಲಿ ನಾಟಕ, ಸಂಜೆ ಆರಕ್ಕೆ ಮನೆ ಸೇರುತ್ತೀನಾ ಅಂತ ಕೇಳಿದ. ಆಗುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ಇಂಥ ಸರದಿಯಲ್ಲಿ ಕೆಡುವ ಮೊದಲ ವಸ್ತು ಚೀಸ್ ಅಲ್ಲ.

ಸಣ್ಣ ವ್ಯಾಪಾರಿಗಳು ಎಷ್ಟೋ ಜನ ಯೂರೋಪಿಗೆ ಮಾರುವುದನ್ನೇ ಬಿಟ್ಟರು. ದೊಡ್ಡ ಕಂಪನಿಗೆ ಕಾಗದ ಬರೆಯಲು ನನ್ನಂಥವರನ್ನು ಇಟ್ಟುಕೊಳ್ಳುವುದು ಕಷ್ಟವಲ್ಲ. ಹತ್ತು ಪೆಟ್ಟಿಗೆ ಕಳಿಸುವವನು ಏನು ಮಾಡಬೇಕು? ವೇಲ್ಸ್, ಕಾರ್ನ್‌ವಾಲ್ ಕಡಲಿನಲ್ಲಿ ಪಚ್ಚಿಲೆಯಂಥ ಚಿಪ್ಪಿನ ಜೀವಿಗಳನ್ನು ತೆಗೆದು ಜೀವಂತವಾಗಿಯೇ ಯೂರೋಪಿಗೆ ಕಳಿಸುತ್ತಿದ್ದರು. ಒಕ್ಕೂಟದ ಹೊರಗಿನ ದೇಶದಿಂದ ಹಾಗೆ ಶುದ್ಧ ಮಾಡದೆ ತರುವ ಹಾಗಿಲ್ಲ ಅಂತ 2021ರಲ್ಲಿ ಗೊತ್ತಾಯಿತು. ಅನೇಕರ ವ್ಯಾಪಾರ ಒಂದೇ ಏಟಿಗೆ ನಿಂತಿತು. ಸರ್ಕಾರದ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಓಬಿಆರ್ ಹೇಳುವ ಪ್ರಕಾರ, ಒಕ್ಕೂಟದಲ್ಲೇ ಇದ್ದಿದ್ದರೆ ಇರುತ್ತಿದ್ದದ್ದಕ್ಕಿಂತ ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ ಶೇ 4ರಷ್ಟು ಕಡಿಮೆಯಾಗುತ್ತದೆ. ಶೇ 4 ಅಂದರೆ ಓದುವಾಗ ಏನೂ ಅನಿಸುವುದಿಲ್ಲ. ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಅನಿಸುತ್ತದೆ. 2016ರ ವೋಟಿಗೆ ಮೊದಲು, ಒಕ್ಕೂಟ ಬಿಡಬೇಕು ಅನ್ನುವವರು ಒಂದು ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡ್ ಯೂರೋಪಿಗೆ ಕೊಡುತ್ತಿದ್ದೇವೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಅಂತ ಬರೆದುಕೊಂಡು ಊರೂರು ತಿರುಗಿದ್ದರಲ್ಲ.

ನಿನ್ನ ಅಪ್ಪಯ್ಯ ಅಡಿಕೆ ಲೋಡು ಕಳಿಸುತ್ತಿದ್ದ ಕಾಲ ನೆನಪು ಮಾಡಿಕೋ. ರಾಜ್ಯದ ಗಡಿ ಬಂತು ಅಂದರೆ ಚೆಕ್‌ಪೋಸ್ಟು. ಬಿಲ್ಲು, ಪರ್ಮಿಟ್ಟು, ಸೀಲು, ರಾತ್ರಿಯಿಡೀ ಸಾಲುಗಟ್ಟಿ ನಿಂತ ಲಾರಿಗಳು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ನಮ್ಮ ದೇಶದಲ್ಲಿ ಆ ತೆರಿಗೆ ಚೆಕ್‌ಪೋಸ್ಟುಗಳನ್ನು ತೆಗೆದರು. ಅದೇ ವರ್ಷ ಮಾರ್ಚ್ 29ರಂದು ಬ್ರಿಟನ್, ನಾವು ಹೊರಡುತ್ತೇವೆ ಅಂತ ಒಕ್ಕೂಟಕ್ಕೆ ಪತ್ರ ಕೊಟ್ಟಿತು. ನಾವು ತೆಗೆದಿದ್ದನ್ನು ಇವರು ಕಟ್ಟಲು ಹೊರಟರು. ಈಗ ಡೋವರಿನಿಂದ ಒಳಗೆ, ಆಶ್‌ಫರ್ಡ್ ಪಕ್ಕದ ಸೆವಿಂಗ್ಟನ್‌ನಲ್ಲಿ ದೊಡ್ಡ ತಪಾಸಣಾ ಕೇಂದ್ರ ಇದೆ. ಒಳಬರುವ ಮಾಲಿನ ತಪಾಸಣೆಯನ್ನು ಮುಂದೂಡಿ ಮುಂದೂಡಿ ಕೊನೆಗೆ 2024ರ ಏಪ್ರಿಲ್ 30ಕ್ಕೆ ಶುರು ಮಾಡಿದರು.

ನನಗೆ ಕೆಲಸ ಕಲಿಸಿದವರು ಇಲ್ಲಿಯವರೇ, ರಿಟೈರ್ ಆಗುವ ವಯಸ್ಸು. ಒಕ್ಕೂಟದಲ್ಲಿ ಇರಬೇಕಾ ಬಿಡಬೇಕಾ ಅಂತ 2016ರ ಜೂನ್ 23ರಂದು ಜನರನ್ನು ಕೇಳಿದಾಗ ಬಿಡಬೇಕು ಅಂತಲೇ ವೋಟು ಹಾಕಿದವರು. ಬಿಡಬೇಕು ಅಂದವರು ಶೇ 51.9, ಇರಬೇಕು ಅಂದವರು ಶೇ 48.1. ಅವರು ಕೆಟ್ಟವರಲ್ಲ. ಚಳಿಗಾಲ ಶುರುವಾದಾಗ ತಮ್ಮ ಮನೆಯ ಹೀಟರ್ ತಂದುಕೊಟ್ಟವರು. ನಮ್ಮ ಕಾನೂನು ನಾವು ಮಾಡಿಕೊಳ್ಳಬೇಕು ಅನ್ನುವುದು ಅವರ ಮಾತು. ಆ ಆಸೆಯಲ್ಲಿ ತಪ್ಪೇನಿದೆ? ನನಗೆ ಕಷ್ಟವಾಗುವುದು ಬೇರೆ. ಆ ವೋಟಿನಲ್ಲಿ, ಇಲ್ಲಿದ್ದ ಭಾರತೀಯ ಪಾಸ್‌ಪೋರ್ಟಿನವರಿಗೂ ಹಕ್ಕಿತ್ತು, ಭಾರತ ಕಾಮನ್‌ವೆಲ್ತ್ ದೇಶ ಅಂತ. ಹತ್ತು ವರ್ಷದಿಂದ ಇಲ್ಲೇ ದುಡಿಯುತ್ತಿದ್ದ ಪೋಲೆಂಡಿನವರಿಗೆ ಇರಲಿಲ್ಲ. ನಮ್ಮವರ ಹತ್ತಿರ ಬಂದು, ಯೂರೋಪಿನವರು ಬರುವುದು ನಿಂತರೆ ನಿಮ್ಮ ಹೋಟೆಲಿಗೆ ನಿಮ್ಮ ಊರಿನ ಅಡುಗೆಯವರನ್ನು ಕರೆಸಬಹುದು ಅಂತ ಹೇಳಿ ವೋಟು ಕೇಳಿದವರೂ ಇದ್ದರು.

ಜನ ಬರುವುದು ನಿಂತಿತಾ? ಇಲ್ಲ. ಬರುವವರು ಬದಲಾದರು, ಅಷ್ಟೇ. ಲಿಂಕನ್‌ಶೈರಿನ ಬಾಸ್ಟನ್ ಅನ್ನುವ ಊರು ಶೇ 75.6ರಷ್ಟು ವೋಟು ಹಾಕಿ ಬಿಡೋಣ ಅಂದಿತು, ದೇಶದಲ್ಲೇ ಅತಿ ಹೆಚ್ಚು. ಸುತ್ತ ಎಲ್ಲ ಕೋಸಿನ ಹೊಲ. ಮೊದಲು ಪೋಲೆಂಡ್, ಲಿಥುವೇನಿಯಾದವರು ಕೊಯ್ಯುತ್ತಿದ್ದರು. ಈಗ ಬ್ರಿಟನ್ನಿನ ಹೊಲಗಳಿಗೆ ಕಿರ್ಗಿಸ್ತಾನ, ಉಜ್ಬೇಕಿಸ್ತಾನದಿಂದ ಆರು ತಿಂಗಳ ವೀಸಾದಲ್ಲಿ ಜನ ಬರುತ್ತಾರೆ. 2023ರ ಜೂನ್‌ಗೆ ಕೊನೆಯಾದ ಒಂದು ವರ್ಷದಲ್ಲಿ, ಬಂದವರ ಲೆಕ್ಕದಲ್ಲಿ ಹೋದವರನ್ನು ಕಳೆದರೂ 9 ಲಕ್ಷ ದಾಟಿತು. ಅದರಲ್ಲಿ ನಮ್ಮವರು ಜಾಸ್ತಿ. ನಾನೂ ಆ ಅಲೆಯಲ್ಲಿ ಬಂದವನೇ. 2021ರಲ್ಲಿ ಓದಲು ಬಂದೆ, ಓದಿದ ಮೇಲೆ ಎರಡು ವರ್ಷ ಇರಬಹುದು ಅನ್ನುವ ವೀಸಾ ಆ ವರ್ಷವೇ ಶುರುವಾಗಿತ್ತು. ಪೋಲೆಂಡಿನವರ ಮೇಲಿದ್ದ ಸಿಟ್ಟು ಈಗ ನಮ್ಮ ಕಡೆ ತಿರುಗಿದೆ. 2025ರ ಬೇಸಿಗೆಯಲ್ಲಿ ಊರೂರಿನ ಸಣ್ಣ ಸರ್ಕಲ್‌ಗಳ ಮೇಲೆ ರಾತ್ರೋರಾತ್ರಿ ಇಂಗ್ಲೆಂಡಿನ ಕೆಂಪು ಶಿಲುಬೆಯ ಬಾವುಟ ಬಳಿದರು. ಬಳಿದವರೆಲ್ಲ ದ್ವೇಷದಿಂದ ಬಳಿದರು ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಅದನ್ನು ದಾಟುವಾಗ ನನ್ನ ಹೆಜ್ಜೆ ಸ್ವಲ್ಪ ಬೇಗ ಬೇಗ ಬೀಳುತ್ತಿತ್ತು.

ಈಗ ಹೇಳುವುದನ್ನು ನಿನಗೆ ಮಾತ್ರ ಹೇಳಬೇಕಿತ್ತು. 2025ರ ಮೇ 12ರಂದು ಸರ್ಕಾರ ಒಂದು ಶ್ವೇತಪತ್ರ ತಂದಿತು. ಇಲ್ಲೇ ನೆಲೆಸಲು ಐದು ವರ್ಷ ಕಾಯಬೇಕಿದ್ದದ್ದನ್ನು ಹತ್ತು ವರ್ಷ ಮಾಡುವ ಯೋಚನೆ. ಕೆಲಸದ ವೀಸಾದಲ್ಲಿ ನನ್ನ ಐದು ವರ್ಷ 2029ಕ್ಕೆ ಮುಗಿಯುತ್ತದೆ, ಅಮ್ಮನನ್ನು ಒಂದು ಸಲ ಕರೆಸಿ ನೆಮ್ಮದಿಯಾಗಿ ಊರು ತೋರಿಸಬೇಕು ಅಂತ ಲೆಕ್ಕ ಹಾಕಿದ್ದೆ. ಸರಿಯಾಗಿ ಒಂದು ವಾರಕ್ಕೆ, ಮೇ 19ರಂದು, ಪ್ರಧಾನಿ ಕಿಯರ್ ಸ್ಟಾರ್ಮರ್ ಯೂರೋಪಿನ ನಾಯಕರ ಜೊತೆ ಲಂಡನ್ನಿನಲ್ಲಿ ನಿಂತು, ಆಹಾರ ಪದಾರ್ಥಗಳ ತಪಾಸಣೆ, ಸರ್ಟಿಫಿಕೇಟು ಬಹುಪಾಲು ಹೋಗುವಂಥ ಒಪ್ಪಂದದ ಕಡೆಗೆ ಹೋಗುತ್ತೇವೆ ಅಂದರು. ಆಫೀಸಿನಲ್ಲಿ ಟಿವಿ ನೋಡುತ್ತಿದ್ದೆವು. ಡ್ರೈವರುಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಒಳಗೆ, ಈ ಮಾತುಕತೆ ಮುರಿದು ಬೀಳಲಿ ದೇವರೇ ಅಂತ ಬೇಡಿಕೊಂಡೆ.

ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ. ಈ ದೇಶದ ವ್ಯಾಪಾರ ಸರಾಗ ಆಗಬೇಕು, ಆ ಡ್ರೈವರ್ ಸಂಜೆ ಆರಕ್ಕೆ ಮನೆ ಸೇರಬೇಕು ಅಂತ ಮನಸಾರೆ ಬಯಸುತ್ತೇನೆ. ಅದೇ ಹೊತ್ತಿಗೆ ಅವನ ದಾರಿಗೆ ಅಡ್ಡ ಇರುವ ಹಾಳೆಯ ಮೇಲೆ ನನ್ನ ಬದುಕು ನಿಂತಿದೆ. ಇಲ್ಲಿ ಗಾಯ ವಾಸಿಯಾಗದಿರಲಿ ಅಂತ ಕಾಯುವ ಜನ ನಾವು ಎಷ್ಟೋ ಮಂದಿ ಇದ್ದೇವೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮನಿಗಂತೂ ಹೇಳುವ ಹಾಗೇ ಇಲ್ಲ. ರಾತ್ರಿ ನಿದ್ದೆ ಬರುವುದಿಲ್ಲ ಕಣೋ ಕೆಲವು ಸಲ.

ಸಾಕು. ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಕೊನೆಕೊಯ್ಲು ಎಲ್ಲಿಗೆ ಬಂತು? ಈ ಸಲವೂ ಮರ ಹತ್ತುವವರು ಸಿಗಲಿಲ್ಲವಾ? ಮೇಷ್ಟ್ರು ಸಿಕ್ಕರೆ ಛತ್ರಿ ಕ್ಷೇಮ ಅಂತ ಹೇಳು, ಅವರಿಗೆ ಅರ್ಥವಾಗುತ್ತದೆ. ನಿಮ್ಮ ಪಕ್ಕದ ಮನೆ ಹುಡುಗಿ ಜನವರಿಯಲ್ಲಿ ಓದಲು ಬರುತ್ತಾಳಂತೆ. ಅವಳ ಕೈಯಲ್ಲಿ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಲಿ, ಬಾಟಲಿ ಬೇಡ, ಎರಡು ಕವರ್ ಹಾಕಿ ಗಟ್ಟಿಯಾಗಿ ಕಟ್ಟಲಿ. ತುಪ್ಪ ಮಾತ್ರ ಬೇಡ. ಹಾಲಿನ ಪದಾರ್ಥ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ತೆಗೆದುಕೊಂಡುಬಿಡುತ್ತಾರೆ. ದೊಡ್ಡಮ್ಮ ಬಟ್ಟೆಯ ನಡುವೆ ಅಡಗಿಸಿ ಇಡುತ್ತಾರೆ, ಸೂಟ್‌ಕೇಸ್ ಮುಚ್ಚುವ ಮೊದಲು ನೀನೇ ಒಂದು ಸಲ ನೋಡು.

ನಿನ್ನವನು