ಹಾರುಬೂದಿ ಇಟ್ಟಿಗೆ: ನೀರುಣಿಸದೆ ಮಾರಬೇಡಿ

ಮಾನ್ಯರೇ,

ಕಾರ್ಖಾನೆ ತ್ಯಾಜ್ಯದ, ಅದರಲ್ಲೂ ಹಾರುಬೂದಿಯ (ಕಲ್ಲಿದ್ದಲು ಉರಿದಾಗ ಹೊಗೆಯೊಂದಿಗೆ ಹಾರುವ ನಯವಾದ ಬೂದಿ) ಇಟ್ಟಿಗೆಯಲ್ಲಿ ಕಟ್ಟಿದ ಗೋಡೆ ಬಿರುಕು ಬಿಡುತ್ತದೆ, ಅಂಚು ಉದುರುತ್ತದೆ ಎಂಬ ದೂರು ಸಾಮಾನ್ಯ. ದೂರು ಸುಳ್ಳಲ್ಲ. ಆದರೆ ಬೈಗುಳವೆಲ್ಲ ಬೂದಿಯ ತಲೆಗೆ ಬೀಳುತ್ತಿದೆ. ಹೆಚ್ಚಿನ ಸಲ ಕೆಲಸ ಕೆಡುವುದು ಇಟ್ಟಿಗೆ ಅಚ್ಚಿನಿಂದ ಹೊರಬಂದ ಮೇಲಿನ ಮೂರು ವಾರಗಳಲ್ಲಿ.

ಮಣ್ಣಿನ ಇಟ್ಟಿಗೆಗೆ ಗೂಡಿನ ಬೆಂಕಿ ಬಲ ಕೊಡುತ್ತದೆ. ಹಾರುಬೂದಿ–ಸುಣ್ಣದ ಇಟ್ಟಿಗೆಗೆ ಗೂಡೇ ಇಲ್ಲ. ಬೂದಿಯಲ್ಲಿರುವ ಗಾಜಿನಂಥ ಸಿಲಿಕಾ ಸುಣ್ಣದೊಂದಿಗೆ ನಿಧಾನವಾಗಿ ಬೆಸೆದು, ಸಿಮೆಂಟಿನಲ್ಲಿ ಹುಟ್ಟುವಂಥದೇ ಅಂಟನ್ನು ಕೊಡುತ್ತದೆ. ಇದು ತೇವವಿದ್ದಷ್ಟು ದಿನ ಮಾತ್ರ ನಡೆಯುವ ಕೆಲಸ. ಅಚ್ಚಿನಿಂದ ತೆಗೆದ ಇಟ್ಟಿಗೆಯನ್ನು ಒಂದೆರಡು ದಿನ ನೆರಳಲ್ಲಿಟ್ಟು, ಆಮೇಲೆ ಕನಿಷ್ಠ 14ರಿಂದ 21 ದಿನ, ದಿನಕ್ಕೆ ಎರಡು ಮೂರು ಸಲ ನೀರುಣಿಸಬೇಕು. ನಡುವೆ ಒಣಗದಂತೆ ಗೋಣಿತಾಟು ಹೊದಿಸಬೇಕು. ವಾರದಲ್ಲೇ ಲಾರಿಗೆ ಹೇರಿದ ಇಟ್ಟಿಗೆ ಹೊರಗೆ ಗಟ್ಟಿ, ಒಳಗೆ ಹಸಿ. ಅದು ಕುಗ್ಗುವುದು ಗೋಡೆ ಸೇರಿದ ಮೇಲೆ. ಗಿಲಾವಿನ ಮೇಲೆ ಕಾಣುವ ಉದ್ದುದ್ದ ಬಿರುಕುಗಳಲ್ಲಿ ಎಷ್ಟೋ ಇದರ ಫಲ.

ಮಿಶ್ರಣವನ್ನು ತೂಕದಲ್ಲೇ ಹಾಕಬೇಕು: ನೂರರಲ್ಲಿ 55–60 ಭಾಗ ಬೂದಿ, 20–30 ಭಾಗ ಮರಳು ಅಥವಾ ಕ್ರಷರ್ ಪುಡಿ, 10–15 ಭಾಗ ಸುಣ್ಣ, ಸುಮಾರು 5 ಭಾಗ ಜಿಪ್ಸಂ. ಬಾಣಲಿ ಲೆಕ್ಕ ನಂಬುವಂಥದಲ್ಲ. ಬೂದಿಯನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ನೀರು ಹದವಾಗಿದೆಯೇ ಎಂದು ತಿಳಿಯಲು ಮಿಶ್ರಣವನ್ನು ಅಂಗೈಯಲ್ಲಿ ಹಿಂಡಿ ನೋಡಿ: ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಜಿನುಗಬಾರದು. ಕಡಿಮೆಯಾದರೆ ಅಂಚು ಪುಡಿಯಾಗುತ್ತದೆ. ಹೆಚ್ಚಾದರೆ ಅಚ್ಚಿಗೆ ಅಂಟುತ್ತದೆ, ಎತ್ತುವಾಗ ಹೊಟ್ಟೆ ಉಬ್ಬುತ್ತದೆ.

ಬೂದಿಯನ್ನೂ ನೋಡಿ ಕೊಳ್ಳಬೇಕು. ಚಿಮಣಿಗೆ ಹೋಗುವ ಹೊಗೆಯಿಂದ ಹಿಡಿದ ನಯವಾದ ಬೂದಿ ಬೇರೆ, ಕುಲುಮೆಯ ತಳದ ದಪ್ಪ ಬೂದಿ ಬೇರೆ. ಎರಡನೆಯದನ್ನು ಮರಳಿನ ಬದಲು ಹಾಕಬಹುದೇ ಹೊರತು ಅಂಟಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಸುಡದೆ ಉಳಿದ ಇಂಗಾಲ ನೂರಕ್ಕೆ ಐದಾರು ದಾಟಿದ ಬೂದಿ ನೀರು ಕುಡಿಯುತ್ತದೆ, ಬಲ ಕೊಡುವುದಿಲ್ಲ. ಸುಣ್ಣ ಪೂರ್ತಿ ಅರಳಿರಬೇಕು, ಜರಡಿ ಹಿಡಿದಿರಬೇಕು. ಅರಳದ ಒಂದು ಕಾಳು ಒಳಗುಳಿದರೂ ತಿಂಗಳುಗಳ ನಂತರ ತೇವ ತಗುಲಿ ಅರಳಿ, ಗಿಲಾವನ್ನು ನಾಣ್ಯದಗಲ ಎಬ್ಬಿಸಿ ಹಾಕುತ್ತದೆ. ಗುಳಿಯ ನಡುವೆ ಬಿಳಿ ಚುಕ್ಕೆ ಕಂಡರೆ ಅದೇ ಕಾರಣ. ಗೊಬ್ಬರ ಕಾರ್ಖಾನೆಯ ಜಿಪ್ಸಂನಲ್ಲಿ ಆಮ್ಲದ ಶೇಷ ಇರುವುದರಿಂದ ತೊಳೆದು, ಸುಣ್ಣದಿಂದ ಶಮನ ಮಾಡದಿದ್ದರೆ ಇಟ್ಟಿಗೆ ಬೇಗ ಬಿಗಿಯುವುದಿಲ್ಲ.

ತ್ಯಾಜ್ಯವೆಲ್ಲ ಇಟ್ಟಿಗೆಗೆ ಬರುತ್ತದೆ ಎಂಬ ಉತ್ಸಾಹಕ್ಕೂ ಕಡಿವಾಣ ಬೇಕು. ಕಬ್ಬಿಣ ತೆಗೆಯುವ ಊದುಕುಲುಮೆಯ ಕಿಟ್ಟವನ್ನು (ಲೋಹದ ಮೇಲೆ ತೇಲುವ ಕರಗಿದ ಕಶ್ಮಲ) ನೀರೆರಚಿ ತಟ್ಟನೆ ತಣಿಸಿ, ನುಣ್ಣಗೆ ಅರೆದಿದ್ದರೆ ಒಳ್ಳೆಯ ಅಂಟು. ತಾನಾಗಿ ಆರಿದ್ದು ಬರೀ ಜಲ್ಲಿ. ಉಕ್ಕಿನ ಕಿಟ್ಟದಲ್ಲಿ ಬಿಡಿ ಸುಣ್ಣವಿರುತ್ತದೆ, ತಿಂಗಳುಗಟ್ಟಲೆ ಮಳೆ ಗಾಳಿಗೆ ಬಿಟ್ಟು ಪಳಗಿಸದಿದ್ದರೆ ಉಬ್ಬಿ ಸೀಳುತ್ತದೆ. ಅಲ್ಯೂಮಿನಿಯಂ ಕಾರ್ಖಾನೆಯ ಕೆಂಪು ಕೆಸರು ತೀವ್ರ ಕ್ಷಾರ. ಅದರ ಸೋಡಿಯಂ ಗೋಡೆಯ ಮೇಲೆ ಬಿಳಿ ಉಪ್ಪಾಗಿ ಒಸರುತ್ತದೆ. ಕಸ ಸುಟ್ಟ ಬೂದಿಯಲ್ಲಿ ಅಲ್ಯೂಮಿನಿಯಂ ಚೂರುಗಳಿದ್ದರೆ ಸುಣ್ಣದ ಸಂಗದಲ್ಲಿ ಹೈಡ್ರೋಜನ್ ಬಿಟ್ಟು ಇಟ್ಟಿಗೆಯನ್ನು ಗುಳ್ಳೆಗುಳ್ಳೆ ಮಾಡುತ್ತವೆ. ಸೀಸ, ಕ್ರೋಮಿಯಂ, ಆರ್ಸೆನಿಕ್ ನೀರಿಗೆ ಸೋರುತ್ತವೆಯೇ ಎಂಬ ಪರೀಕ್ಷೆ ಆಗದ ತ್ಯಾಜ್ಯವನ್ನಂತೂ ವಾಸದ ಮನೆಗೆ ತರಲೇಬಾರದು.

ಗಾರೆ ಕೆಲಸದಲ್ಲೂ ತಪ್ಪುಗಳಿವೆ. ಈ ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿಡುವ ಅಗತ್ಯವಿಲ್ಲ, ಮೇಲ್ಮೈ ಒದ್ದೆಯಾದರೆ ಸಾಕು. ನೆನೆದು ಭಾರವಾದ ಇಟ್ಟಿಗೆ ಗಾರೆಯ ಮೇಲೆ ಜಾರುತ್ತದೆ. ಒಂದು ಭಾಗ ಸಿಮೆಂಟಿಗೆ ಆರು ಭಾಗ ಮರಳಿನ ಗಾರೆ ಸಾಕು. ಬಲ ಬರಲೆಂದು ಒಂದಕ್ಕೆ ಮೂರು ಕಲಸಿದರೆ ಗಾರೆ ಇಟ್ಟಿಗೆಗಿಂತ ಗಟ್ಟಿಯಾಗಿ, ಬಿರುಕು ಸಂದಿನ ಬದಲು ಇಟ್ಟಿಗೆಯನ್ನೇ ಸೀಳಿಕೊಂಡು ಹೋಗುತ್ತದೆ.

ತಯಾರಕರು ಪ್ರತಿ ರಾಶಿಯ ಮೇಲೆ ಅಚ್ಚು ಹಾಕಿದ ದಿನಾಂಕ ಬರೆಯಲಿ, ಬಿಲ್ಲಿನಲ್ಲೂ ನಮೂದಿಸಲಿ. 28 ದಿನ ತುಂಬದ್ದನ್ನು ಕೊಳ್ಳುವವರು ವಾಪಸ್ ಕಳಿಸಲಿ. ಅನುಮಾನವಿದ್ದರೆ ಪೂರ್ತಿ ಒಣಗಿದ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. 3 ಕಿಲೋ ಇದ್ದದ್ದು 3.6 ಕಿಲೋ ದಾಟಿದರೆ ಆ ಲೋಡು ಇಳಿಸಿಕೊಳ್ಳಬೇಡಿ.